ಹತ್ತು ಮಂದಿ ಕೂಡಬೇಕು

ವಾಡಿ, ಶಹಾಬಾದ್, ನಾಲವಾರದ ಕಡೆಯಿಂದ ಪುಣೆ, ಮುಂಬೈಗೆ ದುಡಿಯಲು ಹೋಗಿಬಂದವರಿಗೆ ಸಸೂನ್ ಆಸ್ಪತ್ರೆ ಗೊತ್ತು, ಮಸ್ಜಿದ್ ಬಂದರ್ ಸ್ಟೇಷನ್ ಗೊತ್ತು. ಎರಡೂ ಹೆಸರುಗಳ ಹಿಂದೆ ಯಹೂದಿಗಳಿದ್ದಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪುಣೆಯ ಆಸ್ಪತ್ರೆಗೆ ಹಣ ಕೊಟ್ಟವನು ಬಾಗ್ದಾದಿನಿಂದ ಮುಂಬೈಗೆ ಬಂದ ವ್ಯಾಪಾರಿ ಡೇವಿಡ್ ಸಸೂನ್. ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಅವನು ಕಟ್ಟಿಸಿದ ಕೆಂಪು ಇಟ್ಟಿಗೆಯ ಪ್ರಾರ್ಥನಾ ಮಂದಿರವನ್ನು ಜನ ಲಾಲ್ ದೇವಳ ಎನ್ನುತ್ತಾರೆ. ಅವನ ಸಮಾಧಿಯೂ ಅದೇ ಆವರಣದಲ್ಲಿದೆ.

ಮಸ್ಜಿದ್ ಬಂದರ್‌ನ ಕಥೆಗೆ ಕರ್ನಾಟಕದ ನಂಟಿದೆ. ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಯಹೂದಿ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಸಮುದಾಯದಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದ ಪ್ರಕಾರ, ನೀನು ಯಾರ ಪೈಕಿ ಎಂದು ಕೇಳಿದಾಗ ಅವನು ‘ಬನಿ ಇಸ್ರೇಲ್’ ಎಂದನಂತೆ. ಕುರಾನಿನಲ್ಲಿ ಬರುವ ಜನ ಇವರು ಎಂದು ಟಿಪ್ಪುವಿನ ತಾಯಿಯೇ ಅವನ ಜೀವ ಉಳಿಸಿದಳಂತೆ. ಬದುಕಿ ಊರು ಸೇರಿದರೆ ದೇವರ ಮನೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದ ದಿವೇಕರ್, 1796ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಅದನ್ನು ತೀರಿಸಿದ. ಸುತ್ತಲಿನವರು ಅದನ್ನು ಜೂನಿ ಮಸ್ಜಿದ್ ಎಂದು ಕರೆದರು. ಸ್ಟೇಷನ್ನಿಗೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ.

ದಿವೇಕರನ ಜನಕ್ಕೆ ಬೆನೆ ಇಸ್ರೇಲಿಗಳು ಎಂದು ಹೆಸರು. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಬದುಕುಳಿದ ಏಳು ಗಂಡು ಏಳು ಹೆಣ್ಣಿನಿಂದ ತಮ್ಮ ಕುಲ ಬೆಳೆಯಿತೆಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಇಟ್ಟು ಎಣ್ಣೆ ತೆಗೆದು ಮಾರಿದರು, ಮಾತು ಮರಾಠಿಯಾಯಿತು, ಪೆಣ್‌ನವರು ಪೆಣ್ಕರ್, ರೋಹೆಯವರು ರೋಹೇಕರ್ ಆದರು. ಶನಿವಾರ ಮಾತ್ರ ಇವರ ಗಾಣ ತಿರುಗುತ್ತಿರಲಿಲ್ಲ. ಅದನ್ನು ಕಂಡ ಊರವರು ಇವರನ್ನು ‘ಶನಿವಾರ ತೇಲಿ’ ಎಂದರು. ಗ್ರಂಥವಿಲ್ಲದೆ, ಗುರುವಿಲ್ಲದೆ ಶತಮಾನಗಟ್ಟಲೆ ಇಷ್ಟನ್ನು ಬಿಡದೆ ನಡೆಸಿಕೊಂಡು ಬಂದದ್ದು ಸಣ್ಣ ಮಾತಲ್ಲ.

ಇಷ್ಟು ಸಣ್ಣ ಜನಾಂಗ ಚದುರದೆ ನಿಂತದ್ದು ಹೇಗೆ? ಅಲಿಬಾಗ್ ಪೇಟೆಯನ್ನು ನೋಡಿದರೆ ತಿಳಿಯುತ್ತದೆ. ಯಹೂದಿ ಮನೆಗಳಿದ್ದ ಓಣಿಗೆ ಅಲ್ಲಿ ಇಸ್ರೇಲ್ ಆಳಿ ಎಂದೇ ಹೆಸರು. 1848ರಲ್ಲಿ ಅಲ್ಲಿ ಸಿನಗಾಗ್ ಎದ್ದಿತು. 1910ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು. ಸಿನಗಾಗ್ ಎಂದರೆ ಪ್ರಾರ್ಥನೆಯ ಜಾಗ ಮಾತ್ರವಲ್ಲ. ಮದುವೆ, ಮಕ್ಕಳ ಸುನ್ನತಿ, ಹಬ್ಬ, ಪಂಚಾಯ್ತಿ, ಬಡವರ ನೆರವು ಎಲ್ಲ ಅಲ್ಲೇ. ಮುಖ್ಯಸ್ಥನಿಗೆ ನಮ್ಮ ಕಡೆಯ ಹಾಗೆಯೇ ಮುಕದ್ದಮ ಎನ್ನುತ್ತಿದ್ದರು. ಲೆಕ್ಕಪತ್ರಕ್ಕೆ ಗಬ್ಬಾಯ್, ಪ್ರಾರ್ಥನೆ ನಡೆಸಲು ಹಜ್ಜಾನ್, ದೀಪ-ಬಾಗಿಲು ನೋಡಿಕೊಳ್ಳಲು ಶಮಾಶ್. ಮುಂಬೈಗೆ ಹೋದವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಮತ್ತು ಸಂಗಡಿಗರು 1875ರಲ್ಲಿ ಸಮುದಾಯದ ಮಕ್ಕಳಿಗಾಗಿ ಶಾಲೆ ತೆರೆದರು. ಹೆಣ್ಣುಮಕ್ಕಳು ಸೇರಿ ಸ್ತ್ರೀ ಮಂಡಳ ಕಟ್ಟಿಕೊಂಡರು.

ಮನೆಯೊಳಗಿನ ಕೂಟದ ಹೆಸರು ಮಲೀದಾ. ಉರುಸು, ಮೊಹರಮ್ಮಿನಲ್ಲಿ ಚಪಾತಿ ಮುರಿದು ಬೆಲ್ಲ ಬೆರೆಸಿ ಮಾಡುವ ಮಲೀದಾ ಕಲಬುರಗಿ ಸೀಮೆಗೆ ಚಿರಪರಿಚಿತ. ಕೊಂಕಣದ ಯಹೂದಿಗಳದ್ದು ಅವಲಕ್ಕಿಯದು. ನೆನೆಸಿದ ಅವಲಕ್ಕಿಗೆ ಹಸಿ ಕೊಬ್ಬರಿ ತುರಿ, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿ ಕಲಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕುತ್ತಾರೆ, ಸುತ್ತ ಹಣ್ಣು ಜೋಡಿಸುತ್ತಾರೆ. ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹಾಡು, ಪ್ರಾರ್ಥನೆ ಮುಗಿದ ಮೇಲೆ ಹಂಚುತ್ತಾರೆ. ಮದುವೆ, ಗೃಹಪ್ರವೇಶ, ಹೊಸ ನೌಕರಿ, ಕಾಯಿಲೆ ವಾಸಿಯಾದದ್ದು, ಯಾವುದಕ್ಕೂ ಮಲೀದಾ ಆಗಲೇಬೇಕು. ಎಲಿಯಾಹು ಎಲ್ಲ ಯಹೂದಿಗಳಿಗೂ ಪೂಜ್ಯ, ಆದರೆ ಅವಲಕ್ಕಿಯ ಈ ತಟ್ಟೆ ಕೊಂಕಣದ ನೆಲದ್ದು.

ಸಾಂಪ್ರದಾಯಿಕ ಯಹೂದಿ ಧರ್ಮದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಹದಿಮೂರು ತುಂಬಿದ ಹತ್ತು ಗಂಡಸರು ಕೂಡದೆ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗುವುದಿಲ್ಲ. ಸತ್ತವರಿಗಾಗಿ ಹೇಳುವ ಕದ್ದಿಶ್‌ಗೂ ಹತ್ತು ಮಂದಿ ಬೇಕು. ದೊಡ್ಡ ನಗರದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಸಣ್ಣ ಊರಿನಲ್ಲಿ ಇದೇ ಅಳಿವು ಉಳಿವಿನ ಪ್ರಶ್ನೆ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಮನೆ ಮನೆಗಳೇ ಅಲ್ಲಿಗೆ ಹೊರಟವು. 1951ರ ಜನಗಣತಿಯಲ್ಲಿ 26,000ಕ್ಕೂ ಮೇಲಿದ್ದ ಭಾರತದ ಯಹೂದಿಗಳು 2011ಕ್ಕೆ 5,000ಕ್ಕಿಂತ ಕೆಳಗಿಳಿದರು. ಹೋದವರ ಹಾದಿಯೂ ಸಲೀಸಾಗಿರಲಿಲ್ಲ. ಮದುವೆಯ ವಿಷಯದಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ಇವರ ಯಹೂದಿತನವನ್ನೇ ಅನುಮಾನಿಸಿದರು. ಬೆನೆ ಇಸ್ರೇಲಿಗಳು ಧರಣಿ ಕೂತರು. 1964ರಲ್ಲಿ ಇಸ್ರೇಲ್ ಸರ್ಕಾರ ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿತು. ಸಣ್ಣ ಊರುಗಳಲ್ಲಿ ಕೂಡಿ ಬಾಳಿದ ಅಭ್ಯಾಸವೇ ಅಲ್ಲಿಯೂ ಕೈಹಿಡಿಯಿತು ಎನ್ನಬೇಕು.

ಕರ್ನಾಟಕದ ಮಟ್ಟಿಗೆ ನೋಡಿದರೆ ಬೆಂಗಳೂರಿನಲ್ಲಿ ಸಿನಗಾಗ್ ಇಲ್ಲ, ಸ್ಮಶಾನವಿದೆ. ಮೈಸೂರು ರಸ್ತೆಯ ಗೋರಿಪಾಳ್ಯದ ಬಳಿಯ ಆ ಜಾಗ 1904ರದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚಪ್ಪಲಿ ಅಂಗಡಿ ನಡೆಸಿದ ರೂಬೆನ್ ಮೋಸೆಸ್ ನಗರದ ಹೆಸರಾಂತ ಯಹೂದಿ. ಮಂದಿರವಿಲ್ಲದ ಊರಿನಲ್ಲಿ ಮನೆಯ ಹಜಾರವೇ ಪ್ರಾರ್ಥನೆಯ ಜಾಗವಾಯಿತು.

ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟದ್ದು 2016ರಲ್ಲಿ. ಇಷ್ಟು ಕಾಲ ಆ ನೆಲದಲ್ಲಿ ಗಾಣ ಆಡಿಸಿ, ಸೈನ್ಯದಲ್ಲಿ ದುಡಿದು, ಶಾಲೆ ಆಸ್ಪತ್ರೆ ಕಟ್ಟಿದ ಜನಕ್ಕೆ ಅದು ಬಹಳ ತಡವಾಗಿ ಸಿಕ್ಕಿತು.