ಸಾರುವೆ ಕಟ್ಟುವವನಿಗೆ ಆಸರೆ ಯಾವುದು?

ಗಾರೆಯವರು, ಬಣ್ಣ ಬಳಿಯುವವರು ಕೊಳವೆ, ಹಲಗೆಗಳ ಸಾರುವೆಯ ಮೇಲೆ ನಿಂತು ಕೆಲಸ ಮಾಡುತ್ತಾರೆ. ಅಂಚಿನ ಅಡ್ಡಕಂಬಿ ಅವರನ್ನು ಕಾಯುತ್ತದೆ. ಆದರೆ ಸಾರುವೆಯನ್ನೇ ಕಟ್ಟುವವನು ಮೇಲೇರುವಾಗ ಆ ಕಂಬಿ ಇನ್ನೂ ಇರುವುದಿಲ್ಲ, ಬಿಚ್ಚುವಾಗಲೂ ಅಷ್ಟೇ.

ತಕ್ಕ ತರಬೇತಿ ಪಡೆದವರೇ, ಬಲ್ಲವರ ಉಸ್ತುವಾರಿಯಲ್ಲೇ ಸಾರುವೆ ಕಟ್ಟಬೇಕು, ಬಿಚ್ಚಬೇಕು ಎಂದು ಐರೋಪ್ಯ ಒಕ್ಕೂಟದ 2001ರ ನಿರ್ದೇಶನ ವಿಧಿಸಿತು. ಜರ್ಮನಿಯಲ್ಲಿ ಇದು 3 ವರ್ಷ ಕಲಿಯುವ ಕಸುಬು. ಬ್ರಿಟನ್ನಿನ 2005ರ ನಿಯಮದಂತೆ, 2 ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರದಿಂದ ಬೀಳುವ ಸಂಭವವಿರುವ ಸಾರುವೆಯನ್ನು 7 ದಿನಕ್ಕೊಮ್ಮೆ ಪರೀಕ್ಷಿಸಬೇಕು. ಕೆಳಗಿನ ಹಂತದಲ್ಲಿ ನಿಂತೇ ಮೇಲಿನ ಹಂತಕ್ಕೆ ಕಂಬಿ ಜೋಡಿಸುವ ಸಲಕರಣೆಯೂ ಬಂದಿದೆ.

ಆದರೆ ಗುತ್ತಿಗೆದಾರ ಅವಸರ ಮಾಡಿದರೆ, ಕಲಿತ ಪಾಠ ನೆಲದಲ್ಲೇ ಉಳಿಯುತ್ತದೆ, ಕೆಲಸಗಾರನೊಬ್ಬನೇ ಮೇಲೇರುತ್ತಾನೆ.