ಅನ್ನಪೂರ್ಣಾ ದೇವಿ – ರವಿಶಂಕರ್: ಒಬ್ಬರೇ ಗುರು, ಎರಡು ದಾರಿ

ಮೈಹರ್ ಸಂಸ್ಥಾನದ ಆಸ್ಥಾನ ವಿದ್ವಾಂಸ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಕಿರಿಯ ಮಗಳಿಗೆ ಸಂಗೀತ ಕಲಿಸುವುದು ಬೇಡವೆಂದುಕೊಂಡಿದ್ದರು. ಸಂಗೀತ ಕಲಿತಿದ್ದ ಹಿರಿಯ ಮಗಳಿಗೆ ಅತ್ತೆಮನೆಯಲ್ಲಿ ಅದರಿಂದಲೇ ಕಷ್ಟವಾಗಿತ್ತು. ಒಮ್ಮೆ ಅಣ್ಣ ಅಲಿ ಅಕ್ಬರ್ ಸರೋದ್ ಪಾಠ ತಪ್ಪಿದಾಗ ತಂಗಿ ಅದನ್ನು ಹಾಡಿ ತಿದ್ದಿದಳು. ಅದು ಕಿವಿಗೆ ಬಿದ್ದದ್ದೇ ತಡ, ತಂದೆ ಮನಸ್ಸು ಬದಲಿಸಿದರು. ಆ ಹುಡುಗಿಯೇ ಅನ್ನಪೂರ್ಣಾ ದೇವಿ (1927–2018).

ಸಿತಾರ್ ಕಲಿಸಿದ ಮೇಲೆ ತಂದೆ ಆಕೆಯ ಕೈಗೆ ಸುರ್‌ಬಹಾರ್ ಕೊಟ್ಟರು. ಅದು ಸಿತಾರ್‌ಗಿಂತ ದೊಡ್ಡದು. ತಂತಿ ದಪ್ಪ, ಶ್ರುತಿ ತಗ್ಗು. ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಎಳೆದೆಳೆದು ಹಲವು ಸ್ವರ ಮುಟ್ಟುವ ಮೀಂಡ್, ಬಿಡುವಾಗಿ ಬೆಳೆಯುವ ಆಲಾಪ ಅದರ ಹೆಚ್ಚುಗಾರಿಕೆ. ಚಪ್ಪಾಳೆ ಗಿಟ್ಟಿಸುವ ವೇಗಕ್ಕೆ ಹೇಳಿ ಮಾಡಿಸಿದ್ದಲ್ಲ.

1941ರಲ್ಲಿ ಅಲ್ಮೋರಾದಲ್ಲಿ ಆಕೆಗೂ ತಂದೆಯ ಶಿಷ್ಯ, ಸಿತಾರ್ ವಾದಕ ರವಿಶಂಕರ್‌ಗೂ ಮದುವೆಯಾಯಿತು. ವಧುವಿಗೆ 14, ವರನಿಗೆ 21. ಮರುವರ್ಷ ಮಗ ಶುಭೇಂದ್ರ ಹುಟ್ಟಿದ. 1950ರ ದಶಕದಲ್ಲಿ ದಂಪತಿ ದೆಹಲಿ, ಕಲ್ಕತ್ತಾಗಳಲ್ಲಿ ಜುಗಲ್‌ಬಂದಿ ಕೊಟ್ಟರು. ಆಮೇಲೆ ಆಕೆ ವೇದಿಕೆ ಬಿಟ್ಟರು.

ಇದಕ್ಕೆ ಇಬ್ಬರೂ ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ತನಗೆ ಸಿಗುತ್ತಿದ್ದ ಮೆಚ್ಚುಗೆ ಗಂಡನಿಗೆ ಹಿಡಿಸಲಿಲ್ಲ, ಸಂಸಾರ ಉಳಿಯಲೆಂದು ತಂದೆಯ ಮುಂದೆ, ಶಾರದಾ ದೇವಿಯ ಮುಂದೆ ಆಣೆ ಮಾಡಿದೆ ಎಂದರು ಆಕೆ. ಒತ್ತಾಯ ಮಾಡಿ ಜೊತೆಗೆ ಕೂರಿಸಿಕೊಂಡವನೇ ತಾನು, ನುಡಿಸಲು ಮನಸ್ಸಿಲ್ಲದ್ದು ಆಕೆಗೇ ಎಂದರು ರವಿಶಂಕರ್. ಹೆಂಡತಿಯ ಯಶಸ್ಸಿಗೆ ಗಂಡ ಕರುಬುವ ಕಥೆಯ 1973ರ ಹಿಂದಿ ಚಿತ್ರ ‘ಅಭಿಮಾನ್’ಗೆ ಇವರ ಬದುಕೇ ಪ್ರೇರಣೆ ಎಂಬ ಮಾತು ಹಬ್ಬಿದ್ದರಿಂದ ಜನಮನದಲ್ಲಿ ಆಕೆ ಹೇಳಿದ ಕಾರಣವೇ ಗಟ್ಟಿಯಾಯಿತು.

ಆಣೆ ಸಂಸಾರವನ್ನು ಉಳಿಸಲಿಲ್ಲ. ರವಿಶಂಕರ್ 1967ರಲ್ಲಿ ಮಾಂಟೆರೇ, 1969ರಲ್ಲಿ ವುಡ್‌ಸ್ಟಾಕ್ ಉತ್ಸವಗಳಲ್ಲಿ ನುಡಿಸಿ ಲೋಕಪ್ರಸಿದ್ಧರಾಗುವ ಹೊತ್ತಿಗೆ ಇಬ್ಬರೂ ದೂರವಾಗಿದ್ದರು. ವಿಚ್ಛೇದನ ಆದದ್ದು 1982ರಲ್ಲಿ. ಅದೇ ವರ್ಷ ಆಕೆ ಶಿಷ್ಯ ಋಷಿಕುಮಾರ್ ಪಾಂಡ್ಯ ಅವರನ್ನು ಮದುವೆಯಾದರು.

ಮುಂಬೈಯ ‘ಆಕಾಶ್ ಗಂಗಾ’ ಕಟ್ಟಡದ ಆಕೆಯ ಮನೆಬಾಗಿಲಲ್ಲಿ ಒಂದು ಸೂಚನೆ ಇರುತ್ತಿತ್ತು: ಬೆಲ್ ಮೂರೇ ಸಲ ಒತ್ತಿ, ತೆಗೆಯದಿದ್ದರೆ ಹೊರಡಿ. ಪತ್ರಕರ್ತರಿಗೆ ತೆರೆಯದ ಆ ಬಾಗಿಲು ಶಿಷ್ಯರಿಗೆ ತೆರೆಯುತ್ತಿತ್ತು. ವಾದ್ಯ ಯಾವುದೇ ಇರಲಿ, ಆಕೆ ಹಾಡಿಯೇ ಕಲಿಸುತ್ತಿದ್ದರು. ಹಾಗಾಗಿ ಸುರ್‌ಬಹಾರಿನ ಆಲಾಪ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿಗೂ ಇಳಿಯಿತು, ನಿಖಿಲ್ ಬ್ಯಾನರ್ಜಿ ಅವರ ಸಿತಾರಿಗೂ ಇಳಿಯಿತು. ನಮ್ಮ ಸರೋದ್ ವಾದಕ ರಾಜೀವ ತಾರಾನಾಥರೂ ಆಕೆಯ ಮಾರ್ಗದರ್ಶನ ಪಡೆದವರೇ.

1977ರಲ್ಲಿ ಪದ್ಮಭೂಷಣ ಬಂದಾಗ ಆಕೆ ವೇದಿಕೆ ಬಿಟ್ಟು ಸುಮಾರು ಎರಡು ದಶಕವಾಗಿತ್ತು. ಗಂಡಹೆಂಡಿರಲ್ಲಿ ಯಾರು ಹೆಚ್ಚು ಎಂದು ತೂಗುತ್ತಾ ಕೂತರೆ ಈ ಎರಡು ದಶಕದ ಪಾಠವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆಕೆ ಬಿಟ್ಟದ್ದು ಕಛೇರಿಯನ್ನು, ಸಂಗೀತವನ್ನಲ್ಲ.