ಬಂಡೆಗಳ ಊರಿನ ಚಾರಣಿಗರು

ಹೈದರಾಬಾದಿನವರು ಚಾರಣಕ್ಕೆ ಹೊರಡಲು ಒಬ್ಬೊಬ್ಬರಿಗೆ ಒಂದೊಂದು ಕಾರಣ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತವರಿಗೆ ಮೈ ದಣಿದು ಮನಸ್ಸು ಹಗುರಾದರೆ ಸಾಕು. ಮೂಸಿ ನದಿ ಹುಟ್ಟುವ ಅನಂತಗಿರಿಯ ಕಾಡುದಾರಿ ಅವರಿಗೆ ಹತ್ತಿರ. ಕೆಲವರನ್ನು ಸೆಳೆಯುವುದು ಬಂಡೆಗಳ ಮೇಲಿನ ಅಕ್ಕರೆ. ನಗರದ ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದನ್ನು ಉಳಿಸಲು 1996ರಲ್ಲಿ ಹುಟ್ಟಿದ ‘ಸೊಸೈಟಿ ಟು ಸೇವ್ ರಾಕ್ಸ್’ ಜನರನ್ನು ಬಂಡೆಗಳ ನಡುವೆ ನಡೆಸಿಕೊಂಡು ಹೋಗುತ್ತದೆ.

ಎಲ್ಲಕ್ಕಿಂತ ಗಾಢವಾದದ್ದು ತನ್ನ ಶಕ್ತಿಯನ್ನು ತಾನೇ ಅರಿಯುವ ಹಂಬಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕೋಟೆಯಿರುವ ಭುವನಗಿರಿಯ ಹೆಬ್ಬಂಡೆಯಲ್ಲಿ ಹತ್ತಲು ಕಲಿತವರು, ಕೃಷಿ ಕೂಲಿಕಾರರ ಮಗಳು ಮಾಲಾವತ್ ಪೂರ್ಣಾ. 2014ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದಾಗ ಅವರಿಗೆ 14 ತುಂಬಿರಲಿಲ್ಲ. ಹುಡುಗಿಯರಿಂದ ಆಗದ್ದು ಯಾವುದೂ ಇಲ್ಲವೆಂದು ತೋರಿಸಬೇಕೆಂಬುದೇ ಅವರ ಕಾರಣವಾಗಿತ್ತು.